ಪಕ್ಕದ ಸೀಟಿನ ನಿದ್ದೆ

ಅವಳಲ್ಲ ಕಣೆ ಇಂಚರಾ, ನೀನು ಹೇಳ್ತಿರೋದು ಡೆಂಟಿಸ್ಟ್ ಹತ್ರ ಕೆಲಸಕ್ಕಿದ್ದ ಶೈಲಜಾ. ನಾನು ಹೇಳ್ತಿರೋದು ಮೆಟುಚೆನ್ ಶೈಲಜಾ, ಲೈಬ್ರರೀಲಿ ಇದ್ದೋಳು. ನೀನು ಚಿಕ್ಕೋಳಿದ್ದಾಗ ಕೈಗೆ ಕೋಡುಬಳೇನೂ ಕೊಟ್ಟು, ಎಣ್ಣೆ ಕೈಯಲ್ಲಿ ಪುಸ್ತಕ ಮುಟ್ಟಬೇಡ ಅಂತಾನೂ ಗದರಿದ್ಲಲ್ಲ, ಆ ಆಂಟಿ. ಜ್ಞಾಪಕ ಬಂತಾ? ಹ್ಞಾಂ. ಆ ಫೋನು ಮೇಜಿನ ಮೇಲಿಡು, ರೆಕಾರ್ಡ್ ಆಗೋದಾದ್ರೆ ಅಲ್ಲಿಂದ್ಲೇ ಆಗ್ಲಿ. ಇಲ್ಲಿ ಬಂದು ಕೂತ್ಕೋ, ಶಾಲು ಹೊದ್ಕೋ. ಅವಳೂ ಅವಳ ಯಜಮಾನ್ರೂ ಮರಳುಗಾಡಿಗೆ ಹೋಗ್ಬಂದಿದ್ದು ಹೇಳ್ತೀನಿ.

ಈ ಶೈಲಜಾ ಮೈಸೂರಿನ ಹುಡುಗಿ. ಮದುವೆಯಾಗಿ ಬಂದಿದ್ದು ಸೀದಾ ಇಲ್ಲಿ ನ್ಯೂಜೆರ್ಸಿಯ ಮೆಟುಚೆನ್‌ಗೆ. ಯಜಮಾನ್ರು ಬದರೀನಾಥ, ಪ್ರಿನ್ಸ್‌ಟನ್ ಹತ್ರ ಒಂದು ಔಷಧಿ ಕಂಪ್ನೀಲಿ ಕೆಮಿಸ್ಟು. ಮನೆ ರೈಲ್ವೆ ಸ್ಟೇಷನ್ನಿಂದ ಕೂಗಳತೆ ದೂರ. ಬೆಳಗಿನ ಟ್ರೇನು ನ್ಯೂಯಾರ್ಕಿಗೆ ಹೊರಟಾಗ ಅವಳ ಅಡುಗೆಮನೇಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನೋವು. ಬಂದ ಹೊಸದ್ರಲ್ಲಿ ಆ ಸದ್ದು ಕೇಳಿದ್ರೆ ಅಳು ಬರೋದಂತೆ. ಆಮೇಲಾಮೇಲೆ ಅದು ಕೇಳದೆ ಇದ್ರೆ ಕಾಫಿ ಸೇರ್ತಿರ್ಲಿಲ್ಲ. ಕೆಲಸ ಲೈಬ್ರರೀಲಿ. ನಡ್ಕೊಂಡು ಹೋಗೋಳು, ನಡ್ಕೊಂಡು ಬರೋಳು, ರಿಟೈರ್ ಆಗೋ ದಿನಾನೂ ನಡ್ಕೊಂಡೇ ಬಂದ್ಲು, ಕೈಯಲ್ಲಿ ಕೇಕು ಹಿಡ್ಕೊಂಡು.

ಕಾರು ಬರ್ತಿತ್ತಾ ಅಂದ್ರೆ ಬರ್ತಿತ್ತು. ಲೈಸೆನ್ಸೂ ಇತ್ತು. ಆದ್ರೆ ಅವಳು ಡ್ರೈವ್ ಮಾಡೋ ನ್ಯೂಜೆರ್ಸಿ ದೋಸೆ ಕಾವಲಿಯಷ್ಟಗಲ. ಒಳರಸ್ತೇಲೇ ಸುತ್ತಿ ಬಳಸಿ ಓಕ್ ಟ್ರೀ ರೋಡಿಗೆ ಹೋಗಿ ಕರಿಬೇವು ತರೋಳು, ಪೋಸ್ಟಾಫೀಸು, ಹಲ್ಲಿನ ಡಾಕ್ಟ್ರು, ಅಷ್ಟೆ. ಹೈವೇ ಅಂದ್ರೆ ದೂರದಿಂದ್ಲೇ ಕೈ ಮುಗಿಯೋಳು. ಅದಕ್ಕೊಂದು ಕಾರಣ ಇದೆ. ಮಗಳು ಮಹಿಮಾ ಇನ್ನೂ ಹಿಂದೆ ಕಾರ್ ಸೀಟಲ್ಲಿ ಕೂರ್ತಿದ್ದಾಗ, ಬದರಿ ಒಂದು ಭಾನುವಾರ ಇವಳಿಗೆ ರೂಟ್ ಒನ್ ಕಲಿಸ್ತೀನಿ ಅಂತ ಹೊರಟ್ರು. ರೂಟ್ ಒನ್ ನಿಂಗೊತ್ತಲ್ಲ, ಎಡಕ್ಕೆ ಹೋಗ್ಬೇಕಾದ್ರೆ ಬಲಕ್ಕೆ ಇಳೀಬೇಕು, ಓಡ್ತಿರೋ ಗಾಡಿಗಳ ಸಾಲಿಗೆ ಮರ್ಜ್ ಆಗಿ ಸೇರ್ಕೊಳ್ಳೋಣ ಅಂದ್ರೆ ಹತ್ತೋ ರ‍್ಯಾಂಪು ಮೊಳದುದ್ದ ಇಲ್ಲ. ಇವಳು ಹತ್ತಿದ್ಲು. ಪಕ್ಕದಿಂದ ಅವರು, "ಮರ್ಜ್ ಮಾಡು, ಮರ್ಜ್ ಮಾಡು, ಈಗ ಬೇಡ, ಈಗ ಮಾಡು, ಯಾಕೆ ಮಾಡ್ಲಿಲ್ಲ" ಅಂದ್ರು. ಇವಳು ಏನ್ಮಾಡಿದ್ಲು ಗೊತ್ತಾ, ರ‍್ಯಾಂಪಿನ ತುದೀಲಿ ಕಾರು ನಿಲ್ಲಿಸಿ, ಕೀ ತೆಗೆದು ಅವರ ಕೈಗಿಟ್ಟು, ಇಳಿದು ಹಿಂದೆ ಹೋಗಿ ಮಗು ಪಕ್ಕ ಕೂತ್ಬಿಟ್ಲು. ಹಿಂದಿದ್ದ ಲಾರಿಯವನು ಹೊಡೆದ ಹಾರನ್ನು ಮೂವತ್ತು ವರ್ಷ ಅವಳ ಕಿವೀಲಿ ಹಾಗೇ ಉಳೀತು.

ಇನ್ನೊಂದು ಹೇಳ್ಬೇಕು, ಇಲ್ದಿದ್ರೆ ಮುಂದಿನದು ನಿಂಗೆ ಅರ್ಥ ಆಗಲ್ಲ. ಬದರಿ ಮನೇಲೊಂದು ಕಟ್ಟಳೆ. ಕಾರಲ್ಲಿ ಓಡಿಸೋರ ಪಕ್ಕ ಕೂತವರು ನಿದ್ದೆ ಮಾಡಕೂಡದು. ಅವರ ದೊಡ್ಡಪ್ಪ ಒಂದ್ಸಲ ನಂಜನಗೂಡಲ್ಲಿ ಮದುವೆ ಊಟ ಗಡದ್ದಾಗಿ ಮುಗಿಸ್ಕೊಂಡು ಬರ್ತಿದ್ರಂತೆ. ಪಕ್ಕದಲ್ಲಿ ದೊಡ್ಡಮ್ಮ ತೂಕಡಿಸಿದ್ರು, ಅವರನ್ನ ನೋಡಿ ಇವರೂ ತೂಕಡಿಸಿದ್ರು, ಫಿಯೆಟ್ಟು ಹೋಗಿ ಕಬ್ಬಿನ ಗದ್ದೇಲಿ ನಿಂತ್ಕೊಳ್ತು. ಯಾರಿಗೂ ಏನೂ ಆಗ್ಲಿಲ್ಲ. ಇಬ್ರೂ ಅಲ್ಲೇ ಇನ್ನೊಂದು ಚೂರು ನಿದ್ದೆ ಮಾಡಿ ಎದ್ರಂತೆ. ಆದ್ರೆ ಅವತ್ತಿಂದ ಆ ಮನೇಲಿ ಅದು ಏಕಾದಶಿ ಉಪವಾಸಕ್ಕಿಂತ ಹೆಚ್ಚಾಗೋಯ್ತು. ಶೈಲಜಾ ನಯಾಗರಾ ಅಂದ್ರೆ ನಯಾಗರಾ, ಪಿಟ್ಸ್‌ಬರ್ಗ್ ದೇವಸ್ಥಾನ ಅಂದ್ರೆ ಪಿಟ್ಸ್‌ಬರ್ಗು, ದಾರಿಯುದ್ದಕ್ಕೂ ಕಣ್ಣು ಬಿಟ್ಕೊಂಡೇ ಕೂತಿರೋಳು. ಒಂದೊಂದೇ ಹುರಿಗಡಲೆ ಅವರ ಬಾಯಿಗೆ ಹಾಕೋದು, "ರೀ, ನಿಮ್ಮ ಕ್ಲಾಸಲ್ಲಿದ್ದ ಉದ್ದ ಕತ್ತಿನವನ ಹೆಸರೇನು" ಅಂತ ಏನಾದ್ರೂ ಕೇಳ್ತಾ ಇರೋದು. ಆ ಪಿಟ್ಸ್‌ಬರ್ಗಿಗೆ ನಾನೂ ಅವರ ಜೊತೆ ಹೋಗಿದ್ದೆ ಒಂದ್ಸಲ, ಪುಳಿಯೋಗರೆ ಏನು ಚೆನ್ನಾಗಿತ್ತು ಅಂತೀಯ. ಇರ್ಲಿ. ಬಿಸಿಲು ಮಡಿಲಿಗೆ ಬೀಳ್ತಾ ಇರೋವಾಗ ಕಾರಲ್ಲಿ ಕಣ್ಣು ಮುಚ್ಚಿದ್ರೆ ಹೇಗಿರತ್ತೆ ಅಂತ ಅವಳಿಗೆ ಗೊತ್ತೇ ಇರ್ಲಿಲ್ಲ. ಮಹಿಮಾ ಹಿಂದೆ ಮಲಗಿರೋದನ್ನ ಕನ್ನಡೀಲಿ ನೋಡ್ತಿದ್ಲು, ಅಷ್ಟೆ.

ಹೋದ ವರ್ಷ ಬದರಿ ಕಣ್ಣು ಕೈಕೊಡೋಕೆ ಶುರುವಾಯ್ತು. ಯಾವುದನ್ನ ನೋಡಿದ್ರೂ ಅದರ ಮಧ್ಯಕ್ಕೆ ಸರಿಯಾಗಿ ಬೂದಿ ಬೊಟ್ಟು ಇಟ್ಟ ಹಾಗೆ. ತಿಂಗಳಿಗೊಂದು ಇಂಜೆಕ್ಷನ್ನು, ಅದೂ ಪ್ರಿನ್ಸ್‌ಟನ್ನಲ್ಲಿ. ಡಾಕ್ಟ್ರು ಹೇಳಿದ್ರು, ಈ ವಿಂಟರ್ ಹಗಲಲ್ಲಿ ಡ್ರೈವ್ ಮಾಡ್ಕೊಳ್ಳಿ, ಆಮೇಲೆ ಸಾಕು ಅಂತ. ಟ್ಯಾಕ್ಸೀಲಿ ಹೋಗಿ ಅಂದ್ರೆ ಬದರಿ ಒಪ್ಪಲ್ಲ. ಇಂಜೆಕ್ಷನ್ ಆದ್ಮೇಲೆ ಕಣ್ಣಲ್ಲಿ ನೀರು ಸುರಿಸ್ಕೊಂಡು ಗುರುತಿಲ್ಲದೋರ ಹಿಂದೆ ಕೂರಲ್ಲ ಅಂತ. ಮಹಿಮಾ ಡಲ್ಲಾಸಿಂದ ಫೋನ್ ಮಾಡಿ, "ಮಾಮ್, ಬಿ ಪ್ರಾಕ್ಟಿಕಲ್. ಹೂ ವಿಲ್ ಡ್ರೈವ್ ಹಿಮ್?" ಅಂದ್ಲು. ಅವಳ ಮನೇಲಿ ಕೆಳಗೊಂದು ರೂಮಿದೆ, ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಕಂಬಿ ಹಾಕಿಸಿಬಿಟ್ಟಿದಾಳೆ, ಸ್ಪ್ರಿಂಗ್‌ಗೆ ಮೆಟುಚೆನ್ ಮನೆ ಮಾರೋದು, ಬಂದ್ಬಿಡೋದು. ಮಗಳು ಹೇಳಿದ್ದು ತಪ್ಪು ಅಂತ ಶೈಲಜಾಗೂ ಅನ್ನಿಸ್ಲಿಲ್ಲ. ಆದ್ರೆ ಮಾರನೇ ದಿನ ಬೆಳಿಗ್ಗೆ ಟ್ರೇನು ಹೋದಾಗ ಲೋಟಗಳ ಮೇಲೆ ಕೈಯಿಟ್ಕೊಂಡು ನಿಂತಿದ್ಲು, ಸದ್ದು ನಿಲ್ಲೋವರೆಗೂ. ನಾನು ಅವತ್ತು ಹಿಟ್ಟಿನ ಜರಡಿ ಕೇಳೋಕೆ ಅಂತ ಹೋಗಿದ್ದೆ, ನೋಡ್ದೆ. ಜರಡಿ ತಗೊಂಡು ಬಂದೆ.

ಕಣ್ಣಿರೋ ಹಾಗೇ ಒಂದ್ಸಲ ಮರಳುಗಾಡು ನೋಡ್ಬೇಕು ಅಂದ್ರು ಬದರಿ. ಜನವರೀಲಿ ಇಲ್ಲಿ ಹಿಮ ಮಂಡಿ ಮಟ್ಟ ಇದ್ದಾಗ ನುವರ್ಕ್‌ನಲ್ಲಿ ವಿಮಾನ ಹತ್ತಿ ನ್ಯೂ ಮೆಕ್ಸಿಕೋದ ಅಲ್ಬುಕರ್ಕೀಲಿ ಇಳಿದ್ರು. ಬಾಡಿಗೆ ಕಾರಿನ ಕೌಂಟರಲ್ಲಿ ಆ ಹುಡುಗಿ, "ಅಡಿಷನಲ್ ಡ್ರೈವರ್?" ಅಂದ್ಲು.

"ಯೆಸ್, ಮೈ ವೈಫ್" ಅಂದ್ರು ಬದರಿ.

"ರೀ, ಏನಿದು?"

"ಏನಿಲ್ಲ, ಫಾರ್ಮಾಲಿಟಿ. ಲೈಸೆನ್ಸ್ ಕೊಡು."

"ಬರೀ ಫಾರ್ಮಾಲಿಟಿಗೆ ನೀವು ಒಂದು ಪೆನ್ನೂ ತಗೊಳ್ಳೋರಲ್ಲ."

"ಇಲ್ಲಿ ರಸ್ತೆ ಖಾಲಿ ಶೈಲೂ. ಗುದ್ದೋಣ ಅಂದ್ರೂ ಏನೂ ಸಿಗಲ್ಲ. ಇಲ್ಲಿ ಓಡಿಸೋದೊಂದು ಬಂದ್ಬಿಟ್ರೆ ಪ್ರಿನ್ಸ್‌ಟನ್ ಏನ್ ಮಹಾ? ಆಮೇಲೆ ಮಹಿಮಾಗೆ ಒಂದು ಮಾತು ಹೇಳ್ಬಹುದು."

ಆಗ ಗೊತ್ತಾಯ್ತು ಅವಳಿಗೆ, ಈ ಪ್ರವಾಸ ಯಾಕೆ ಅಂತ. ಅವರಿಗೂ ಮನೆ ಬಿಡೋಕೆ ಇಷ್ಟ ಇಲ್ಲ. ಬಾಯ್ಬಿಟ್ಟು ಹೇಳೋ ಪೈಕಿ ಅಲ್ಲ ಅವರು. ಇವಳು ಸುಮ್ನೆ ಲೈಸೆನ್ಸ್ ತೆಗೆದು ಕೊಟ್ಲು. ಆದ್ರೆ ನಿಂಬೆಹಣ್ಣಿಲ್ದೆ ಸ್ಟೀರಿಂಗ್ ಮುಟ್ಟಲ್ಲ ಅಂದ್ಬಿಟ್ಲು. ಒಂದು ಗ್ಯಾಸ್ ಸ್ಟೇಷನ್ ಅಂಗಡೀಲಿ ಹಸಿರು ನಿಂಬೆ ಸಿಕ್ತು. ನಾಲ್ಕು ಚಕ್ರದ ಕೆಳಗೂ ಒಂದೊಂದು ಇಟ್ಟು, ಮುಂದಕ್ಕೆ ಉರುಳಿಸಿ ಚಪ್ಪಟೆ ಮಾಡಿದ್ಲು. ಅಲ್ಲೊಬ್ಬ ದೊಡ್ಡ ಟೋಪಿಯವನು ಕಾಫಿ ಕುಡೀತಾ ನೋಡ್ತಿದ್ದೋನು, ಟೋಪಿ ತೆಗೆದು ಎದೆ ಹತ್ರ ಇಟ್ಕೊಂಡ್ನಂತೆ. ಯಾರೋ ಹೋಗಿಬಿಟ್ರು ಅಂದ್ಕೊಂಡ್ನೋ ಏನೋ ಪಾಪ.

ಪಾಠ ಶುರುವಾಯ್ತು. ರಸ್ತೆ ಅಂದ್ರೆ ಏನು ರಸ್ತೆ. ಬೋಳು ನೆಲದ ಮೇಲೆ ಯಾರೋ ನೂಲು ಹಾಕಿ ಎಳೆದ ಹಾಗೆ, ಆ ತುದೀಲಿ ಆಕಾಶದೊಳಗೆ ಹೋಗ್ಬಿಡತ್ತೆ. ಬದರಿಗೆ ಪಕ್ಕ ಕೂತು ಎಚ್ಚರವಾಗಿರೋದು ಅಂದ್ರೆ ಕಡಲೆ ತಿನ್ನಿಸೋದು, ಕಥೆ ಹೇಳೋದು ಅಲ್ಲ. ಕಿಟಕಿ ಮೇಲಿನ ಹಿಡಿ ಹಿಡ್ಕೊಂಡು, "ಎಡಕ್ಕೆ ಹೋಗ್ತಿದೀಯ. ಈಗ ಬಲಕ್ಕೆ ಹೋಗ್ತಿದೀಯ. ಮುಂದೆ ಏನೋ ಇದೆ."

"ಮುಂದೆ ಬೆಟ್ಟ ಇದೆ ರೀ, ನಲವತ್ತು ಮೈಲಿ ದೂರ ಇದೆ."

"ನೋಡ್ಕೊಂಡಿರು ಅಂದೆ."

ಅವರ ಬಲಗಾಲು ಇಲ್ದೇ ಇರೋ ಬ್ರೇಕ್ ಒತ್ತುತ್ತಾ ಇರೋದು. ಆ ಕಾಲು ಒತ್ತಿದಾಗೆಲ್ಲ ಅವಳ ಕಿವೀಲಿ ಆ ಹಳೇ ಹಾರನ್ನು. ಮಧ್ಯಾಹ್ನಕ್ಕೆ ಕೀ ವಾಪಸ್ ಕೊಟ್ಲು. ಮಾರನೇ ದಿನಾನೂ ಅದೇ.

ಒಂದು ಸಂಜೆ ನೀರು ನಿಂತ ಬಯಲಲ್ಲಿ ಕೊಕ್ಕರೆ ನೋಡೋಕೆ ಹೋದ್ರು. ಉತ್ತರದಿಂದ ಚಳಿಗೆ ಬಂದಿರೋವು, ಬೂದು ಬಣ್ಣ, ಎಣಿಸೋಕಾಗಲ್ಲ. ಎಲ್ಲಾ ಒಟ್ಟಿಗೆ ಎದ್ದಾಗ ನೆಲವೇ ಎದ್ದು ಹಾರಿದ ಹಾಗಾಯ್ತಂತೆ. ಬದರಿ ಕತ್ತು ಓರೆ ಮಾಡ್ಕೊಂಡು ನಿಂತಿದ್ರು.

"ಅಲ್ಲಿದಾವೆ ರೀ, ಎದುರಿಗೆ."

"ಎದುರಿಗೆ ನೋಡಿದ್ರೆ ಮಾಯ ಶೈಲೂ. ಓರೆಗಣ್ಣಲ್ಲಿ ನೋಡಿದ್ರೆ ಇದಾವೆ." ಹಾಗೇ ಇವಳ ಕಡೆ ತಿರುಗಿ, "ಹೊಸ ಮದುವೇಲಿ ನಿನ್ನ ಹಿಂಗೇ ನೋಡ್ತಿದ್ದೆ, ಅಪ್ಪ ಎದುರಿಗಿರ್ತಿದ್ರಲ್ಲ" ಅಂದ್ರು. ಇವಳು ನಕ್ಕಳು. ಆದ್ರೆ ಕಾರಿಗೆ ವಾಪಸ್ ಹೋಗೋವಾಗ ಅವರ ತೋಳು ಹಿಡ್ಕೊಂಡ್ಲು, ನಾಳೆ ಹೇಗಾದ್ರೂ ಕಲೀಬೇಕು ಅಂತ.

ವೈಟ್ ಸ್ಯಾಂಡ್ಸ್ ಅಂತ ಒಂದು ಕಡೆ ಮರಳೆಲ್ಲ ಬೆಳ್ಳಗೆ, ಸಕ್ಕರೆ ರಾಶಿ ಹಾಕ್ದಂಗೆ. ನಮ್ಮ ನ್ಯೂಜೆರ್ಸಿಯವರ ಬುದ್ಧಿ ನೋಡು, ಬದರಿ ಅದರ ಮೇಲೆ ಮಂಜುಗಡ್ಡೆ ಮೇಲೆ ನಡೆಯೋ ಹಾಗೆ ಪುಟ್ಟಪುಟ್ಟ ಹೆಜ್ಜೆ ಇಡ್ತಿದ್ರಂತೆ. ಇವಳು ಕಾರಿಗೆ ಬಂದಾಗ ಹಿಮ ಗುಡಿಸೋ ಬ್ರಷ್ ಎಲ್ಲಿ ಅಂತ ಡಿಕ್ಕೀಲಿ ಹುಡುಕಿದ್ಲಂತೆ. ಮುಟ್ಟಿದ್ರೆ ತಣ್ಣಗಿದೆ, ಆದ್ರೆ ಕರಗಲ್ಲ. ಅಂಗೈಯಲ್ಲಿ ಇಟ್ಕೊಂಡು ಬಹಳ ಹೊತ್ತು ಕೂತಿದ್ಲು, ಕರಗದೇ ಇರೋದನ್ನೇ ನೋಡ್ತಾ.

ಅಲ್ಲಿಂದ ಬಂದು ಒಂದು ಪುಟ್ಟ ಊರಲ್ಲಿ ಉಳ್ಕೊಂಡ್ರು. ಆ ಊರಲ್ಲಿ ಬಾಗಿಲಿಗೆಲ್ಲ ಒಣಮೆಣಸಿನಕಾಯಿ ತೋರಣ, ಥೇಟ್ ಬ್ಯಾಡಗಿ. ನಮ್ಮ ಅಡುಗೆಮನೇಲಿ ನೇತಾಡ್ತಿದೆಯಲ್ಲ, ಅದು ಅವಳು ತಂದುಕೊಟ್ಟಿದ್ದೇ. ಮಾರನೇ ದಿನ ಬೆಳಿಗ್ಗೆ ಕಾರು ಹತ್ತೋ ಮುಂಚೆ ಅವಳು ಹೇಳಿದ್ಲು, "ರೀ, ಇವತ್ತು ನಾನು ಓಡಿಸ್ತೀನಿ. ನೀವು ನಿದ್ದೆ ಮಾಡಿ."

"ಏನಂದೆ? ನಮ್ಮನೇಲಿ ಪಕ್ಕ ಕೂತೋರು..."

"ನಿಮ್ಮನೇಲಿ ಸರಿ. ಇದು ಬಾಡಿಗೆ ಕಾರು. ಇದಕ್ಕೆ ನಿಮ್ಮ ದೊಡ್ಡಪ್ಪ ಯಾರು ಅಂತ ಗೊತ್ತಿಲ್ಲ."

"ಏನಾದ್ರೂ ಆದ್ರೆ?"

"ಕಬ್ಬಿನ ಗದ್ದೆಗೆ ಹೋಗೋಣ ಅಂದ್ರೂ ಇಲ್ಲಿ ಕಬ್ಬಿಲ್ಲ. ಕಣ್ಣು ಮುಚ್ಚಿ."

ಮುಚ್ಚಿದ್ರು. ಕಾರು ಹೊರಡ್ತು. ಕಣ್ಣು ಮುಚ್ಚಿದೆ, ಕಾಲು ಮಾತ್ರ ಬ್ರೇಕ್ ಒತ್ತುತ್ತಾನೇ ಇದೆ. "ರೀ, ಆ ಕಾಲಿಗೂ ಹೇಳಿ" ಅಂದ್ಲು. ಕಾಲು ಸುಮ್ನಾಯ್ತು, ಮತ್ತೆ ಶುರುವಾಯ್ತು. ಆಮೇಲೆ ಅವಳು ನೋಡೋದನ್ನ ಬಿಟ್ಲು. ಎಷ್ಟೋ ಹೊತ್ತಾದ್ಮೇಲೆ ತಿರುಗಿದ್ರೆ, ಬೂಟು ಆಚೆ ಕಡೆ ವಾಲಿದೆ, ಅದರ ಮಡಿಕೇಲಿ ಬಿಳೀ ಮರಳು, ಬಾಯಿ ಒಂಚೂರು ತೆರೆದಿದೆ. ನಿಜವಾದ ನಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಕಾರಲ್ಲಿ ಮಲಗಿದ್ದು ಅವಳು ನೋಡಿರ್ಲೇ ಇಲ್ಲ. ಅಷ್ಟರಲ್ಲಿ ಫೋನು ದಾರಿ ಹೇಳೋಕೆ ಬಾಯಿ ತೆಗೀತು. ಎಲ್ಲಿ ಎಚ್ಚರ ಆಗ್ಬಿಡತ್ತೋ ಅಂತ ಟಕ್ ಅಂತ ಅದನ್ನ ಆಫ್ ಮಾಡ್ಬಿಟ್ಲು.

ಈಗ ದಾರಿ ಹೇಳೋರು ಯಾರು? ಅಡ್ಡ ರಸ್ತೆಯಿಂದ ಒಂದು ಪಿಕಪ್ ಬಂದು ಇವಳ ಮುಂದೆ ಸೇರ್ಕೊಳ್ತು. ಅದರ ಹಿಂದೆ ಕುದುರೆ ಸಾಗಿಸೋ ಟ್ರೈಲರು. ಟ್ರೈಲರಿನ ಹಿಂದುಗಡೆ ಅರ್ಧ ಬಾಗಿಲು, ಅದರ ಮೇಲಿಂದ ಕುದುರೆ ಬಾಲ ಆಚೆ ಬಿದ್ದಿದೆ. ಕಂದು ಬಣ್ಣ, ತುದಿ ಬಿಸಿಲಿಗೆ ಹೊಂಬಣ್ಣ. ಗಾಳಿಗೆ ಅದು ಹೀಗೆ ಹೋಗೋದು, ಹಾಗೆ ಬರೋದು. ಅದನ್ನೇ ನೋಡ್ತಾ ಹೋದ್ಲು. ಗುಡ್ಡಗಳು ರಟ್ಟಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ ನೇರಳೆ ಬಣ್ಣದಲ್ಲಿ ನಿಂತಿದ್ವಂತೆ, ಎಷ್ಟು ಹೋದ್ರೂ ಹತ್ರಾನೂ ಬರದೆ ದೂರಾನೂ ಹೋಗದೆ. ಪಕ್ಕದಲ್ಲಿ ಒಂದು ಗೂಡ್ಸ್ ರೈಲು ಬಂತು, ಮುಗಿಯೋದೇ ಇಲ್ಲ, ಅವಳಷ್ಟೇ ವೇಗದಲ್ಲಿ ಹೋಗ್ತಾ ಇತ್ತು, ಹಾಗಾಗಿ ನಿಂತಿರೋ ಹಾಗೇ ಕಾಣ್ತಿತ್ತು. ಮಡಿಲಲ್ಲಿ ಬಿಸಿಲು. ಅವಳು ಕನಸಿಗೆ ಹೋಗದೆ ಕನಸೇ ಅವಳಿದ್ದಲ್ಲಿಗೆ ಬಂದಿತ್ತು.

ಟ್ರೈಲರು ಒಂದು ಊರೊಳಗೆ ಹೋಯ್ತು, ಇವಳೂ ಹೋದ್ಲು. ಆಚೆ ಬಂತು, ಇವಳೂ ಬಂದ್ಲು. ಅದು ಬಲಕ್ಕೆ ತಿರುಗಿ ಏರು ಹತ್ತಿತು, ಇವಳೂ ಹತ್ತಿದ್ಲು. ಅದರ ಎಡಗಡೆ ದೀಪ ಮಿಣುಕ್ ಮಿಣುಕ್ ಅಂತು, ಇವಳೂ ದೀಪ ಹಾಕಿದ್ಲು. ಅದು ಮೆಲ್ಲಗೆ ಎಡಕ್ಕೆ ಜಾರ್ಕೊಳ್ತು, ಬಾಲ ಒಂದ್ಸಲ ಪಟ್ ಅಂತು, ಇವಳೂ ಜಾರ್ಕೊಂಡ್ಲು. ಇದ್ದಕ್ಕಿದ್ದ ಹಾಗೆ ಸುತ್ತ ಲಾರಿಗಳು. ಇಷ್ಟು ಲಾರಿ ಎಲ್ಲಿಂದ ಬಂದ್ವಪ್ಪಾ ಅಂದ್ಕೊಂಡ್ಲು, ಅಷ್ಟೆ. ಮುಂದೆಲ್ಲೋ ಕುದುರೆ ಬಲಕ್ಕೆ ಇಳ್ಕೊಂಡು ಹೋಯ್ತು. ಹೋಗ್ಬರ್ತೀಯಾ ಅನ್ನೋ ಹಾಗೆ ಒಂದು ಬೆರಳೆತ್ತಿದ್ಲು, ತಾನು ನೇರ ಹೋದ್ಲು.

ಬದರಿ ಎದ್ದಾಗ ಬಿಸಿಲು ಆ ಕಿಟಕಿಯಿಂದ ಈ ಕಿಟಕಿಗೆ ಬಂದಿತ್ತು.

"ಎಲ್ಲಿದೀವಿ?"

"ಅರಿಜೋನಾ ಅಂತ ಬೋರ್ಡು ಬಂತು, ಈಗ್ತಾನೇ."

"ಅರಿಜೋನಾನಾ? ಹೋಟ್ಲು ಬುಕ್ ಮಾಡಿರೋದು ನ್ಯೂ ಮೆಕ್ಸಿಕೋದಲ್ಲಿ ಅಲ್ವೇನೆ?"

"ಇದ್ದಿರ್ಬಹುದು. ನಿಮ್ಮನ್ನ ಎಬ್ಬಿಸೋಕೆ ಮನಸ್ಸಾಗ್ಲಿಲ್ಲ."

"ಮತ್ತೆ ದಾರಿ ಯಾರು ಹೇಳಿದ್ರು?"

"ಕುದುರೆ."

ಬದರಿ ಕನ್ನಡಕ ತೆಗೆದು ಒರೆಸ್ಕೊಂಡ್ರು. ಕತ್ತು ಓರೆ ಮಾಡಿ ರಸ್ತೆ ಪಕ್ಕದ ಬೋರ್ಡು ಓದಿದ್ರು. "ಶೈಲೂ" ಅಂದ್ರು, ಮಗು ಕೈಯಲ್ಲಿ ಗಾಜಿನ ಲೋಟ ಇದ್ದಾಗ ಮಾತಾಡ್ತೀವಲ್ಲ, ಆ ದನೀಲಿ, "ಇದು ಹೈವೇ ಕಣೆ. ಇಂಟರ್‌ಸ್ಟೇಟು."

"ಹೌದಾ?"

ಗೊತ್ತಾದ್ಮೇಲೆ ಸ್ಟೀರಿಂಗು ಇನ್ನಷ್ಟು ಗಟ್ಟಿಯಾಗಿ ಹಿಡ್ಕೊಂಡ್ಲು. ಆದ್ರೆ ಕಾರಿಗೆ ಗೊತ್ತಾಗ್ಲಿಲ್ಲ, ಅದರ ಪಾಡಿಗೆ ಅದು ಹೋಗ್ತಾನೇ ಇತ್ತು. ಹಾರನ್ನು ಕೇಳ್ಸತ್ತೇನೋ ಅಂತ ಕಾದ್ಲಂತೆ. ಕೇಳ್ಲಿಲ್ಲ. ರ‍್ಯಾಂಪಲ್ಲಿ ಮರ್ಜ್ ಮಾಡು ಅನ್ನೋರು ಯಾರೂ ಇರ್ಲಿಲ್ಲವಲ್ಲ, ಅದಕ್ಕೇ ಅದು ರ‍್ಯಾಂಪು ಅಂತಾನೂ ಅವಳಿಗೆ ಹೊಳೆದಿರ್ಲಿಲ್ಲ.

"ನಾನೆಷ್ಟು ಹೊತ್ತು ಮಲಗಿದ್ದೆ?" ಅಂದ್ರು ಬದರಿ.

"ಒಂದು ಸ್ಟೇಟಿನಷ್ಟು."

ಅವರ ಮುಖ ಕೆಂಪಗಾಯ್ತು. "ಯಾರಿಗೂ ಹೇಳ್ಬೇಡ" ಅಂದ್ರು. ಇವಳು ಆಯ್ತು ಅಂದ್ಲು, ಬಂದ ದಿನಾನೇ ನಂಗೆ ಹೇಳಿದ್ಲು, ನಾನು ನಿಂಗೆ ಹೇಳ್ತಿದೀನಿ, ನೀನು ಯಾರಿಗೂ ಹೇಳ್ಬೇಡ.

ಅಲ್ಲಿಂದ ಟೂಸಾನ್ನಿಗೂ ಅವಳೇ ಓಡಿಸಿದ್ಲು. ಅಲ್ಲಿ ಕಳ್ಳಿ ಗಿಡಗಳು ಮರದಷ್ಟು ಎತ್ತರ, ಕೈ ಮೇಲೆತ್ಕೊಂಡು ನಿಂತಿರ್ತಾವೆ. ಒಂದರ ಪಕ್ಕ ಬದರಿ ಹಾಗೇ ಕೈಯೆತ್ತಿ ನಿಂತಿರೋ ಫೋಟೋ ಇದೆ, ತೋರಿಸ್ತೀನಿ.

ಆದ್ರೆ ಮರಳುಗಾಡು ಬೇರೆ, ರೂಟ್ ಒನ್ ಬೇರೆ, ಅಲ್ವಾ? ಇಲ್ಲಿ ಕುದುರೆ ಎಲ್ಲಿಂದ ತರೋದು? ಫೆಬ್ರವರೀಲಿ ಇಂಜೆಕ್ಷನ್ ದಿನ ಬಂತು. ರಸ್ತೆ ಎರಡೂ ಕಡೆ ಕೊಳಕು ಹಿಮದ ದಿಬ್ಬ. ಇವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಕಾರಿಗೆ ಕೂತು, ಮೆಟುಚೆನ್ ದಾಟಿ, ಅದೇ ರ‍್ಯಾಂಪು, ಮೂವತ್ತು ವರ್ಷದ ಹಿಂದಿಂದೇ. ಬದರಿ ಕೈ ಕಿಟಕಿ ಮೇಲಿನ ಹಿಡಿಗೆ ಹೋಯ್ತು. ಇವಳು ನೋಡಿದ್ಲು. ಆ ಕೈ ಅಲ್ಲಿಂದ ಮೆಲ್ಲಗೆ ಕೆಳಗಿಳೀತು.

"ಶೈಲೂ, ನಂಗೆ ಯಾಕೋ ನಿದ್ದೆ ಬರ್ತಿದೆ" ಅಂದ್ರು. ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದ್ರು.

ನಿಜವಾಗ್ಲೂ ಮಲಗಿದ್ರೋ ಇಲ್ವೋ ಅವಳು ಇವತ್ತಿನವರೆಗೂ ಕೇಳಿಲ್ಲ. ಬೂಟು ಮಾತ್ರ ಆಚೆ ಕಡೆ ವಾಲಿತ್ತು. ಮುಂದೊಂದು ಬ್ರೆಡ್ ಲಾರಿ ಎಡಗಡೆ ದೀಪ ಹಾಕಿತು. ಅವಳೂ ಹಾಕಿದ್ಲು. ಅದು ಜಾರ್ಕೊಳ್ತು. ಅವಳೂ ಜಾರ್ಕೊಂಡ್ಲು.

ಸಂಜೆ ಮಹಿಮಾ ಫೋನ್ ಮಾಡಿದಾಗ ಶೈಲಜಾ ಹೇಳಿದ್ಲು, ನಾನೇ ಪ್ರಿನ್ಸ್‌ಟನ್‌ಗೆ ಕರ್ಕೊಂಡು ಹೋಗ್ಬಂದೆ, ಹೋಗ್ತಾನೂ ಬರ್ತಾನೂ. ಆ ಕಡೆ ನಂಬಿಕೆ ಇಲ್ಲ. "ಡ್ಯಾಡ್, ಈಸ್ ದಟ್ ಟ್ರೂ? ಹೌ ವಾಸ್ ಶಿ ಆನ್ ರೂಟ್ ಒನ್?"

"ನಂಗೇನು ಗೊತ್ತು ಮಗಳೇ, ನಾನು ಮಲಗಿದ್ದೆ" ಅಂದ್ರು ಬದರಿ, ಒಂದು ಕಣ್ಣಿಗೆ ಹತ್ತಿ ಇಟ್ಕೊಂಡು.

ಮಹಿಮಾನೂ ಆ ಮನೇಲಿ ಬೆಳೆದ ಹುಡುಗಿ ಅಲ್ವಾ. ಸಣ್ಣ ದನೀಲಿ, "ಯು ಸ್ಲೆಪ್ಟ್? ಇನ್ ದ ಫ್ರಂಟ್ ಸೀಟ್?" ಅಂದ್ಲು.

"ಹ್ಞೂಂ."

"ಓಕೆ" ಅಂದ್ಲು. ಇನ್ನೊಂದ್ಸಲ "ಓಕೆ" ಅಂದ್ಲು. "ಐ ವಿಲ್ ಪುಟ್ ದ ಟ್ರೆಡ್‌ಮಿಲ್ ಇನ್ ದಟ್ ರೂಮ್, ದೆನ್" ಅಂದ್ಲು, ಇವರಿಗೆ ಅಂತ ಇಟ್ಟಿದ್ದ ಆ ಕೆಳಗಿನ ರೂಮಿಗೆ. ಮಾರನೇ ದಿನ ಬೆಳಿಗ್ಗೆ ಲೋಟಗಳು ಕಿಣಿಕಿಣಿ ಅಂದಾಗ ಶೈಲಜಾ ಅವನ್ನ ಹಿಡ್ಕೊಳ್ಳೋಕೆ ಹೋಗ್ಲಿಲ್ಲ. ಕಾಫಿ ಬೆರೆಸ್ತಾ ಇದ್ಲು.

ಸರಿ, ಸಾಕು, ಆ ಫೋನು ನಿಲ್ಸು. ಒಂದು ಕೆಲಸ ಮಾಡ್ಕೊಡು. ಮೇಲೆ ನನ್ನ ಕ್ಲೋಸೆಟ್ಟಲ್ಲಿ ನೀಲಿ ಸೂಟ್‌ಕೇಸಿನ ಹಿಂದೆ ಒಂದು ಕತ್ತಿನ ದಿಂಬಿದೆ, ಊರಿಗೆ ಹೋಗೋವಾಗ ಫ್ಲೈಟಲ್ಲಿ ಹಾಕ್ಕೋತೀನಲ್ಲ, ಅದು. ನಾಳೆ ಬದರಿ ಇಂಜೆಕ್ಷನ್ ದಿನ, ನಾನೂ ಜೊತೇಲಿ ಪ್ರಿನ್ಸ್‌ಟನ್‌ಗೆ ಹೋಗ್ತಿದೀನಿ, ಮುಂದಿನ ಸೀಟು ನಂಗೆ ಬಿಟ್ಕೊಟ್ಟಿದಾರೆ. ಧೂಳು ಕೊಡವಿ ತಗೊಂಡು ಬಾ ಪುಟ್ಟ.